ಮಾಸುವ ಬಣ್ಣ, ಕಾಣುವ ಕಣ್ಣು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಪುಟ್ಟ ಮಕ್ಕಳಿಗೆ ಚಮಚದಲ್ಲಿ ಕುಡಿಸುವ ವಿಟಮಿನ್ ‘ಎ’ ದ್ರಾವಣದ ಹಿಂದೆ ಕಪ್ಪೆಯ ಕಣ್ಣಿನ ಕಥೆಯೊಂದಿದೆ.

1876ರಲ್ಲಿ ರೋಮ್‌ನಲ್ಲಿದ್ದ ಫ್ರಾನ್ಸ್ ಬೋಲ್, ಕತ್ತಲಲ್ಲಿಟ್ಟಿದ್ದ ಕಪ್ಪೆಯ ಅಕ್ಷಿಪಟಲವನ್ನು ಬಿಡಿಸಿ ನೋಡಿದ. ದಂಡಕೋಶಗಳ ಪದರ ಕೆಂಪಗಿತ್ತು. ಬೆಳಕಿಗೆ ಒಡ್ಡಿದಾಗ ಬಣ್ಣ ಮಾಸಿತು. ಈ ಕೆಂಪನ್ನು 1851ರಲ್ಲೇ ಹೈನ್ರಿಕ್ ಮ್ಯುಲರ್ ಕಂಡಿದ್ದ. ಆದರೆ ರಕ್ತದ ಬಣ್ಣವೆಂದು ಬಗೆದು ಸುಮ್ಮನಾಗಿದ್ದ! ಮಾಸುವುದಕ್ಕೂ ನೋಡುವುದಕ್ಕೂ ನಂಟು ಕಲ್ಪಿಸಿದ್ದು ಬೋಲ್‌ನ ಹಿರಿಮೆ. ಪಾಪ, 1879ರಲ್ಲಿ, ಮೂವತ್ತರ ಹರೆಯದಲ್ಲೇ ತೀರಿಕೊಂಡ.

ಹೈಡಲ್‌ಬರ್ಗ್‌ನ ವಿಲ್ಲಿ ಕ್ಯೂನೆ ಆ ವರ್ಣಕವನ್ನು ಪಿತ್ತಲವಣಗಳಲ್ಲಿ ಕರಗಿಸಿ ಹೊರತೆಗೆದ. ಅದೇ ಇಂದಿನ ರೊಡಾಪ್ಸಿನ್. ಹಿಂಬದಿಯ ಕಪ್ಪು ಪದರಕ್ಕೆ ತಾಗಿಕೊಂಡಿದ್ದರೆ ಮಾಸಿದ ಬಣ್ಣ ಮರಳುತ್ತದೆಂದೂ ತೋರಿಸಿದ. ಮರಳಲು ಬೇಕಾದ ಸಾಮಗ್ರಿ ಯಾವುದು? 1933ರಲ್ಲಿ ಜಾರ್ಜ್ ವಾಲ್ಡ್ ಅಕ್ಷಿಪಟಲದಲ್ಲಿ ವಿಟಮಿನ್ ‘ಎ’ಯನ್ನು ಗುರುತಿಸಿದ ಮೇಲೆ ಉತ್ತರ ಸಿಕ್ಕಿತು. ಬೆಳಕು ಬಿದ್ದಾಗ ರೊಡಾಪ್ಸಿನ್‌ನೊಳಗಿನ ರೆಟಿನಲ್ ಎಂಬ ಬಾಗಿದ ಅಣು ನೆಟ್ಟಗಾಗಿ, ಆಪ್ಸಿನ್ ಪ್ರೋಟೀನಿನಿಂದ ಕಳಚಿಕೊಳ್ಳುತ್ತದೆ. ರೆಟಿನಲ್ ತಯಾರಾಗುವುದು ವಿಟಮಿನ್ ‘ಎ’ಯಿಂದ. ಅದು ಸಾಲದಾದರೆ ರೊಡಾಪ್ಸಿನ್ ತುಂಬಿಬರುವುದಿಲ್ಲ, ಮುಸ್ಸಂಜೆಯಲ್ಲಿ ಮಗು ಎಡವುತ್ತದೆ. ಇದೇ ಇರುಳುಗುರುಡು.

ವಾಲ್ಡ್‌ನಿಗೆ 1967ರಲ್ಲಿ ನೊಬೆಲ್ ಬಂತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯ ಪ್ರಯೋಗಗಳ ಬಳಿಕ, 1970ರಲ್ಲಿ, ಆರು ತಿಂಗಳಿಗೊಮ್ಮೆ ಈ ದ್ರಾವಣ ಕುಡಿಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ ಶುರುವಾಯಿತು.