ಹಾಜರಿ ಪುಸ್ತಕದ ನ್ಯಾಯ

ಕಲಬುರಗಿಯಿಂದ ಹುಮನಾಬಾದಿನತ್ತ ಸಾಗುವಾಗ ಎದುರಾಗುವ ಕಮಲಾಪುರದ ಕೆಂಪು ಬಾಳೆಯ ಕೀರ್ತಿಯನ್ನು ಬಲ್ಲವರು ಬಹುಮಂದಿ. ಸುತ್ತಣ ತಾಂಡಾಗಳ ಲಂಬಾಣಿಗರ ಪೂರ್ವಿಕರು ಹೇರೆತ್ತುಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಸಾಗಿಸಿ ದಖ್ಖನಿನ ಸೈನ್ಯಗಳನ್ನು ಪೋಷಿಸಿದವರೆಂಬುದನ್ನು ಸ್ಮರಿಸುವವರು ವಿರಳ. ಮುಂಬಯಿಯಿಂದ ಕಲಬುರಗಿಯ ಮಾರ್ಗವಾಗಿ ಬಂದ ರೈಲುಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಸಂಧಿಸಿದ್ದು 1871ರಲ್ಲಿ. ಬ್ರಿಟಿಷರ ಅಪರಾಧಿ ಬುಡಕಟ್ಟುಗಳ ಕಾಯಿದೆ ಜನ್ಮತಾಳಿದ್ದೂ ಅದೇ ವರ್ಷ. ಹಳಿಯು ಇವರ ಜೀವನೋಪಾಯವನ್ನು ಕಸಿಯಿತು. ಕಾಯಿದೆಯು ಅಲೆಮಾರಿತನವನ್ನೇ ದೋಷವೆಂದು ಬಗೆಯಿತು. ಮುಂದೆ ನಿಜಾಮರ ಆಡಳಿತವೂ ಅದೇ ಜಾಡು ಹಿಡಿದು ಲಂಬಾಣಿಗರನ್ನು ಅಪರಾಧಿ ಕುಲವೆಂದೇ ನಮೂದಿಸಿತು.

ಪಟ್ಟಿಗೆ ಸೇರಿದವನು ಕದ್ದನೋ ಇಲ್ಲವೋ ಎಂಬ ವಿಚಾರಣೆಯೇ ಅಲ್ಲಿ ಅನವಶ್ಯಕ: ಗೊತ್ತಾದ ಹೊತ್ತಿಗೆ ಹಾಜರಿ ಕೊಡಬೇಕು, ರಹದಾರಿ ಚೀಟಿಯಿಲ್ಲದೆ ಎಲ್ಲೆ ಮೀರಕೂಡದು, ಮೀರಿದರೆ ಸೆರೆವಾಸ, ಛಡಿಯೇಟು. ಸರ್ಕಾರದ ಪ್ರಕಟಣೆಯೇ ನಿರ್ಣಾಯಕ ಪ್ರಮಾಣವೆಂದು 1871ರ ಶಾಸನವು ವಿಧಿಸಿದ್ದರಿಂದ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿರಲಿಲ್ಲ. ದಾಸ್ಯವಿಮೋಚನೆಯ ಬೆನ್ನಲ್ಲೇ, 1865ರಲ್ಲಿ, ಅಮೆರಿಕದ ಮಿಸಿಸಿಪಿ ರಾಜ್ಯವು ಕೆಲಸವಿಲ್ಲದ ಕಪ್ಪುಜನರನ್ನು ಅಲೆಮಾರಿಗಳೆಂದು ದಂಡಿಸಿದ ಶಾಸನಕ್ಕೂ ಇದಕ್ಕೂ, ಬಣ್ಣದ ಹೊರತು, ನನಗೆ ಹೆಚ್ಚಿನ ಅಂತರ ಕಾಣದು.

1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು, ಶಂಕೆ ರದ್ದಾಗಲಿಲ್ಲ. 1961ರಲ್ಲಿ ನಮ್ಮ ರಾಜ್ಯವೇ ರೂಢಿಗತ ಅಪರಾಧಿಗಳ ಕಾಯಿದೆಯನ್ನು ತಂದಿತು. ಜಾತಿಯನ್ನನುಸರಿಸಿ ಕೆಲಸ ಹಂಚುವ ಸೆರೆಮನೆಯ ಕೈಪಿಡಿಗಳನ್ನೂ, ಆ ಹಳೆಯ ಪಟ್ಟಿಯಿಂದ ಹೊರಬಂದ ವಿಮುಕ್ತ ಬುಡಕಟ್ಟಿನವರನ್ನು ಹುಟ್ಟು ಅಪರಾಧಿಗಳೆಂದು ಕಾಣುವ ನಿಯಮಗಳನ್ನೂ ಸರ್ವೋಚ್ಚ ನ್ಯಾಯಾಲಯವು ಅಸಾಂವಿಧಾನಿಕವೆಂದು ಸಾರಿದ್ದು 2024ರ ಅಕ್ಟೋಬರ್ 3ರಂದು.