ಗರ್ಭಕಂಠದ ಕ್ಯಾನ್ಸರಿನಲ್ಲಿ ಜೀನ್ ಅಭಿವ್ಯಕ್ತಿ: ಕಾರಣ ಯಾವುದು, ಪರಿಣಾಮ ಯಾವುದು?

ಗರ್ಭಕಂಠದ ಗೆಡ್ಡೆಯ ಆರ್‌ಎನ್‌ಎಯನ್ನು ಆರೋಗ್ಯವಂತ ಅಂಗಾಂಶದ ಆರ್‌ಎನ್‌ಎಯೊಡನೆ ಹೋಲಿಸಿದರೆ, ಅಭಿವ್ಯಕ್ತಿ ಏರಿದ ಮತ್ತು ಇಳಿದ ಜೀನುಗಳ ಪಟ್ಟಿ ಸಾವಿರ ದಾಟುವುದು ಅಪರೂಪವಲ್ಲ. ಪಟ್ಟಿಯ ಮೇಲ್ತುದಿಯಲ್ಲಿರುವ ಜೀನೇ ರೋಗಕ್ಕೆ ಕಾರಣ, ಅದನ್ನು ತಡೆದರೆ ಚಿಕಿತ್ಸೆ ಸಿಕ್ಕೀತು ಎಂಬ ಊಹೆ ಅನೇಕ ಪ್ರಬಂಧಗಳ ಹಿಂದಿದೆ. ಈ ಊಹೆ ದುರ್ಬಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕೆ ಗರ್ಭಕಂಠದ ಕ್ಯಾನ್ಸರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬೇರೆ ಬಹುಪಾಲು ಕ್ಯಾನ್ಸರುಗಳಲ್ಲಿ ಮೂಲ ಕಾರಣವನ್ನೇ ಹುಡುಕಬೇಕು; ಇಲ್ಲಿ ಅದು ನಮಗೆ ಗೊತ್ತಿದೆ.

ಜರ್ಮನಿಯ ಹರಾಲ್ಡ್ ತ್ಸೂರ್ ಹೌಸೆನ್ ಅವರ ತಂಡ 1983ರಲ್ಲಿ ಮಾನವ ಪ್ಯಾಪಿಲೋಮಾ ವೈರಸ್ಸಿನ ಬಗೆಯಾದ ಎಚ್‌ಪಿವಿ 16ನ್ನೂ ಮರುವರ್ಷ ಎಚ್‌ಪಿವಿ 18ನ್ನೂ ಈ ಗೆಡ್ಡೆಗಳಲ್ಲಿ ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ವೈರಸ್ಸಿನ ಜೀನೋಮು ಬಹಳ ಚಿಕ್ಕದು, ಸುಮಾರು 7,900 ಬೇಸ್ ಜೋಡಿಗಳಷ್ಟೇ. ಅದು ನಮ್ಮ ವರ್ಣತಂತುವಿನೊಳಗೆ ಸೇರಿಕೊಳ್ಳುವಾಗ ಅನೇಕ ಸಲ ಇ2 ಜೀನ್ ತುಂಡಾಗುತ್ತದೆ. ಇ6, ಇ7 ಎಂಬ ಜೀನುಗಳನ್ನು ಹದ್ದುಬಸ್ತಿನಲ್ಲಿಡುವುದು ಇ2 ಪ್ರೋಟೀನಿನ ಕೆಲಸಗಳಲ್ಲೊಂದು. ಅದು ಹೋದ ಮೇಲೆ ಅವೆರಡರ ಅಭಿವ್ಯಕ್ತಿಗೆ ಅಂಕೆಯಿರುವುದಿಲ್ಲ.

ಇ6, ಕೋಶದ್ದೇ ಆದ ಇ6ಎಪಿ ಎಂಬ ಕಿಣ್ವವನ್ನು ಬಳಸಿಕೊಂಡು, ಗೆಡ್ಡೆಯನ್ನು ತಡೆಯುವ ಪಿ53 ಪ್ರೋಟೀನನ್ನು ನಾಶಮಾಡಿಸುತ್ತದೆ. ಇ7, ಕೋಶವಿಭಜನೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಗಮನಿಸಬೇಕಾದದ್ದು, ಎರಡೂ ಹಾನಿಗಳು ಆಗುವುದು ಪ್ರೋಟೀನ್ ಮಟ್ಟದಲ್ಲಿ. ಪಿ53ರ ಆರ್‌ಎನ್‌ಎ ತಯಾರಾಗುತ್ತಲೇ ಇರುತ್ತದೆ. ಹಾಗಾಗಿ ಈ ರೋಗದ ಎರಡು ಅತಿ ಮುಖ್ಯ ನಷ್ಟಗಳು ಆರ್‌ಎನ್‌ಎ ಪಟ್ಟಿಯಲ್ಲಿ ನೇರವಾಗಿ ಕಾಣುವುದಿಲ್ಲ. ಎದ್ದು ಕಾಣುವುದು ಅವುಗಳ ಪರಿಣಾಮ: ಆರ್‌ಬಿ ಹಿಡಿತದಿಂದ ಬಿಡುಗಡೆಯಾದ ಇ2ಎಫ್ ಎಂಬ ಜೀನ್ ನಿಯಂತ್ರಕ ಪ್ರೋಟೀನು ಎಬ್ಬಿಸಿದ ಎಂಸಿಎಂ2, ಸೈಕ್ಲಿನ್ ಇ, ಪಿಸಿಎನ್‌ಎ ಮೊದಲಾದವು. ಇವು ವಿಭಜಿಸುವ ಯಾವ ಕೋಶಕ್ಕೂ ಬೇಕಾದ ಸಲಕರಣೆಗಳು.

ಪಿ16ರ ಕಥೆ ಇನ್ನೂ ವಿಚಿತ್ರ. ಕೋಶವಿಭಜನೆಯನ್ನು ತಡೆಯುವ ಈ ಪ್ರೋಟೀನು ಹಲವು ಕ್ಯಾನ್ಸರುಗಳಲ್ಲಿ ಕಳೆದುಹೋಗಿರುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲಾದರೋ ವಿಪರೀತ ಏರಿರುತ್ತದೆ. ಪಿ16 ಕೆಲಸ ಮಾಡುವುದು ಆರ್‌ಬಿಯ ಮೂಲಕ. ಇ7 ಆರ್‌ಬಿಯನ್ನೇ ಕೆಡಿಸಿದ ಮೇಲೆ ಪಿ16 ಎಷ್ಟಿದ್ದರೂ ಅದು ಏರಿ ಒಡೆದ ಕೆರೆಯ ತೂಬು ಮುಚ್ಚಿದ ಹಾಗೆ. ಜೊತೆಗೆ ಇ7, ಕೆಡಿಎಂ6ಬಿ ಎಂಬ ಕಿಣ್ವವನ್ನು ಹೆಚ್ಚಿಸಿ ಪಿ16 ಜೀನನ್ನು ಅಡಗಿಸಿಡುವ ಎಪಿಜೆನೆಟಿಕ್ ಮುದ್ರೆಯನ್ನು ಅಳಿಸುತ್ತದೆ. ಪ್ಯಾಥಾಲಜಿ ಪ್ರಯೋಗಾಲಯಗಳಲ್ಲಿ ಪಿ16 ಬಣ್ಣದ ಪರೀಕ್ಷೆ ಉಪಯುಕ್ತವಾಗಿರುವುದು ಇದರಿಂದಲೇ: ಅದು ಇ7ರ ಹೆಜ್ಜೆಗುರುತು. 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಮತ್ತೊಂದು ಮಗ್ಗುಲನ್ನು ತೋರಿಸಿತು. ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ಪಿ16ನ್ನು ತಗ್ಗಿಸಿದಾಗ ಅವು ಸತ್ತವು. ಗೆಡ್ಡೆಯನ್ನು ತಡೆಯಬೇಕಾದ ಪ್ರೋಟೀನೇ ಆ ಕೋಶಗಳ ಬದುಕಿಗೆ ಅನಿವಾರ್ಯವಾಗಿತ್ತು! ಅಭಿವ್ಯಕ್ತಿಯ ಅಂಕಿಯೊಂದನ್ನೇ ನೋಡಿ ಇದನ್ನು ಯಾರೂ ಊಹಿಸಲಾರರು.

ಕಾರಣವನ್ನು ಸಾಬೀತುಪಡಿಸಲು ಜೀನನ್ನು ಅಡಗಿಸಿ ನೋಡಲೇಬೇಕು. ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ 1951ರಲ್ಲಿ ಅವರ ಒಪ್ಪಿಗೆಯಿಲ್ಲದೆ ಪಡೆದ ಹೀಲಾ ಕೋಶಗಳಲ್ಲಿ ಎಚ್‌ಪಿವಿ 18 ಇದೆ. ಅರ್ಧ ಶತಮಾನ ಎಡೆಬಿಡದೆ ವಿಭಜಿಸಿದ ಆ ಕೋಶಗಳಿಗೆ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇ2ವನ್ನು ಮರಳಿ ಸೇರಿಸಿದರು. ಇ6, ಇ7 ಅಡಗಿದವು, ಪಿ53 ಮತ್ತು ಆರ್‌ಬಿ ಮತ್ತೆ ಕೆಲಸಕ್ಕೆ ಬಂದವು, ಕೋಶಗಳು ವಿಭಜನೆ ನಿಲ್ಲಿಸಿ ಮುಪ್ಪಾದವು. 2000ದಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನೂರು ಪಟ್ಟಿಗಳಿಗಿಂತ ಹೆಚ್ಚೆಂದು ನಾನು ಎಣಿಸುತ್ತೇನೆ.

ಮಾದರಿಯ ತೊಡಕೂ ಇದೆ. ಆರೋಗ್ಯವಂತ ಗರ್ಭಕಂಠದ ತುಣುಕಿನಲ್ಲಿ ನಾರು ಅಂಗಾಂಶ, ಸ್ನಾಯು ಕೂಡ ಇರುತ್ತವೆ; ಗೆಡ್ಡೆಯ ತುಣುಕಿನಲ್ಲಿ ಬಹುಪಾಲು ಕ್ಯಾನ್ಸರ್ ಕೋಶಗಳೇ. ಎರಡನ್ನೂ ಅರೆದು ಅಳೆದರೆ ಸ್ನಾಯುವಿನ ಡೆಸ್ಮಿನ್ ಜೀನ್ ‘ಇಳಿದಂತೆ’ ಕಾಣುತ್ತದೆ. ಅಲ್ಲಿ ಜೀನ್ ಬದಲಾಗಿಲ್ಲ, ಸ್ನಾಯುವಿನ ಪಾಲು ಕಡಿಮೆಯಾಗಿದೆ, ಅಷ್ಟೆ.

ಇನ್ನು ದತ್ತಾಂಶ ಯಾರದು ಎಂಬ ಪ್ರಶ್ನೆ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ 2017ರಲ್ಲಿ 228 ಗೆಡ್ಡೆಗಳ ವಿಶ್ಲೇಷಣೆ ಪ್ರಕಟಿಸಿತು. 2020ರಲ್ಲಿ ಪ್ರಕಟವಾದ ಉಗಾಂಡಾದ 118 ರೋಗಿಗಳ ಅಧ್ಯಯನ, ವೈರಸ್ಸಿನ ಕುಲ ಬದಲಾದಂತೆ ಗೆಡ್ಡೆಯ ಜೀನ್ ಅಭಿವ್ಯಕ್ತಿಯೂ ಬದಲಾಗುವುದನ್ನು ತೋರಿಸಿತು. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇಷ್ಟು ಜೀವ ಕಳೆದುಕೊಳ್ಳುವ ದೇಶದ ಸಂಶೋಧಕರು ಪರದೇಶದ ದತ್ತಾಂಶದಿಂದ ಮತ್ತೊಂದು ಪಟ್ಟಿ ಹೆಕ್ಕುವುದರಲ್ಲಿ ತೃಪ್ತರಾಗಬಾರದು. ನಮ್ಮ ಆಸ್ಪತ್ರೆಗಳ ರೋಗಿಗಳ ಮಾದರಿಗಳನ್ನು, ಅವರ ತಿಳುವಳಿಕೆಯ ಒಪ್ಪಿಗೆಯೊಂದಿಗೆ, ಸಂಗ್ರಹಿಸಬೇಕು. ಪ್ರತಿ ಮಾದರಿಯ ಜೊತೆಗೂ ವೈರಸ್ಸಿನ ಬಗೆ, ಇ6 ಮತ್ತು ಇ7ರ ಆರ್‌ಎನ್‌ಎ ಪ್ರಮಾಣ, ಗೆಡ್ಡೆಯ ಕೋಶಗಳ ಪಾಲು, ಪ್ರೋಟೀನ್ ಅಳತೆ ದಾಖಲಾಗಬೇಕು. ಇವಿಲ್ಲದ ಪ್ರಬಂಧಗಳನ್ನು ಸಂಪಾದಕರು ಹಿಂದಕ್ಕೆ ಕಳುಹಿಸಬೇಕು.