ಕ್ಲೆಂಪರೆರ್ ಪಂಡಿತನ ದಿನಚರಿ

ಕಾಲೇಜಿನಲ್ಲಿ ಸಾಹಿತ್ಯವನ್ನು ಬೋಧಿಸುವವನ ಜೀವನದಲ್ಲಿ ಚರಿತ್ರಕಾರನಿಗೆ ದೊರಕುವ ಸಾಮಗ್ರಿ ಬಹು ಸ್ವಲ್ಪ. ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳ ಕಟ್ಟು, ಎಂದೋ ಒಂದು ದಿನ ಮುಗಿದೀತೆಂಬ ಒಂದು ಗ್ರಂಥ. ಇಷ್ಟರಲ್ಲಿಯೇ ಆಯುಸ್ಸು ಕಳೆದುಹೋಗುತ್ತದೆ. ಜರ್ಮನಿಯ ಡ್ರೆಸ್ಡನ್ ನಗರದಲ್ಲಿ ಫ್ರೆಂಚ್ ಸಾಹಿತ್ಯವನ್ನು ಬೋಧಿಸುತ್ತಿದ್ದ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರೆರನ ಜೀವನವೂ ಹೀಗೆಯೇ ಸಾಗಬೇಕಾಗಿದ್ದಿತು.

ಈತನು 1881ರಲ್ಲಿ ಯೆಹೂದ್ಯ ಪುರೋಹಿತನೊಬ್ಬನ ಮಗನಾಗಿ ಹುಟ್ಟಿದನು. ಮುಂದೆ ಪ್ರಾಟೆಸ್ಟೆಂಟ್ ಮತವನ್ನು ಸ್ವೀಕರಿಸಿದನು. ಕೆಲವು ವರ್ಷ ಪತ್ರಿಕೆಗಳಿಗೆ ಬರೆದು ಜೀವಿಸಿ, ಅನಂತರ ಮಾಂಟೆಸ್ಕ್ಯೂವನ್ನು ಕುರಿತು ಪ್ರೌಢಪ್ರಬಂಧವನ್ನು ರಚಿಸಿ 1914ರಲ್ಲಿ ಅಧ್ಯಾಪನಕ್ಕೆ ಅರ್ಹನಾದನು. ಮೊದಲನೆಯ ಮಹಾಯುದ್ಧದಲ್ಲಿ ತಾನಾಗಿಯೇ ಫಿರಂಗಿದಳವನ್ನು ಸೇರಿದನು. 1920ರಲ್ಲಿ ಡ್ರೆಸ್ಡನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕಪದವಿ ದೊರೆಯಿತು. ಎಂಜಿನಿಯರುಗಳ ನಡುವೆ ವೋಲ್ಟೇರನನ್ನು ಬೋಧಿಸುವುದೆಂದರೇನೆಂಬುದನ್ನು ನಮ್ಮ ವೃತ್ತಿಯವರು ಊಹಿಸಬಲ್ಲೆವು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ರಣರಂಗದಲ್ಲಿ ಸೇವೆ ಸಲ್ಲಿಸಿದ್ದವನಾದುದರಿಂದ ಮೊದಮೊದಲು ಹುದ್ದೆ ಉಳಿಯಿತು. 1935ರಲ್ಲಿ ಅದೂ ಹೋಯಿತು. ಮತಾಂತರವನ್ನು ಯಾರೂ ಲೆಕ್ಕಿಸಲಿಲ್ಲ. ಹದಿನೆಂಟನೆಯ ಶತಮಾನದ ಫ್ರೆಂಚ್ ಸಾಹಿತ್ಯಚರಿತ್ರೆಯನ್ನು ಆತ ಮನೆಯಲ್ಲಿ ಕುಳಿತು ಬರೆಯುತ್ತ ಹೋದನು. 1936ರಲ್ಲಿ ಗ್ರಂಥಾಲಯದ ವಾಚನಮಂದಿರಕ್ಕೆ ಹೋಗಕೂಡದೆಂದಾಯಿತು. 1938ರ ಕೊನೆಗೆ ಗ್ರಂಥಾಲಯವೇ ನಿಷಿದ್ಧವಾಯಿತು. ಹುದ್ದೆ ಹೋದ ವಿದ್ವಾಂಸನು ಹೇಗೋ ಬದುಕಿಯಾನು. ಪುಸ್ತಕ ಸಿಗದವನು ಏನು ಮಾಡಬೇಕು? ತಾನು ಕಟ್ಟಿಸಿದ ಮನೆಯನ್ನು ಬಿಡಬೇಕಾಯಿತು, ಟೈಪ್‌ರೈಟರನ್ನು ಕಸಿದುಕೊಂಡರು. 1942ರಲ್ಲಿ, ಯೆಹೂದ್ಯರು ಪ್ರಾಣಿಗಳನ್ನು ಸಾಕಬಾರದೆಂಬ ಆಜ್ಞೆಯಿಂದ, ಮನೆಯ ಬೆಕ್ಕನ್ನೂ ಕೊಲ್ಲಿಸಬೇಕಾಯಿತು.

ಪತ್ನಿ ಏವಾ ಯೆಹೂದ್ಯಳಲ್ಲ. ಆಕೆ ವಿವಾಹವಿಚ್ಛೇದನವನ್ನು ಪಡೆದಿದ್ದರೆ ಗಂಡನ ರಕ್ಷಣೆ ಅಂದಿಗೇ ಮುಗಿಯುತ್ತಿದ್ದಿತು; ಆಕೆ ಪಡೆಯಲಿಲ್ಲ.

ಓದುವುದಕ್ಕೆ ಬೇರೇನೂ ಉಳಿಯದಿರಲು, ಕ್ಲೆಂಪರೆರನು ತನ್ನನ್ನು ಪೀಡಿಸುವವರ ಮಾತನ್ನೇ ಓದತೊಡಗಿದನು. ಪತ್ರಿಕೆ, ಭಾಷಣ, ಸರ್ಕಾರಿ ಪ್ರಕಟಣೆ, ಕಾರ್ಖಾನೆಯ ಹರಟೆ, ಎಲ್ಲವನ್ನೂ ದಿನಚರಿಯಲ್ಲಿ ಗುರುತುಹಾಕಿದನು. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವನಿಗೆ ಕೈಯಲ್ಲಿಯ ಗಳು ಹೇಗೋ ತನಗೆ ಈ ಬರವಣಿಗೆ ಹಾಗೆ ಎಂಬುದು ಅವನ ಭಾವನೆಯಾಗಿದ್ದಿತು.

ಫ್ರೆಂಚ್ ಪಾಂಡಿತ್ಯ ಇಲ್ಲಿ ಅವನಿಗೆ ಹೇಗೆ ಒದಗಿತೆಂಬುದಕ್ಕೆ ಒಂದು ಶಬ್ದ ಸಾಕು. ‘ಫನಾಟಿಕ್’ ಎಂಬುದು ಲ್ಯಾಟಿನ್ನಿನಲ್ಲಿ ದೇವಾಲಯವೆಂಬ ಅರ್ಥದ ‘ಫಾನುಮ್’ ಎಂಬ ಪದದಿಂದ ಬಂದುದು. ವೋಲ್ಟೇರನಿಗೂ ಅವನ ಕಾಲದ ವಿಚಾರವಾದಿಗಳಿಗೂ ಅದು ಕಠೋರವಾದ ನಿಂದೆ: ವಿವೇಕಕ್ಕೆ ಶತ್ರುವಾದ ಮತಾಂಧನೆಂದರ್ಥ. ನಾಜಿಗಳ ಬಾಯಲ್ಲಿ ಅದೇ ಶಬ್ದ ಪ್ರಶಸ್ತಿಯಾಯಿತು. ಧೈರ್ಯಶಾಲಿ, ನಿಷ್ಠಾವಂತ ಎನ್ನಬೇಕಾದಲ್ಲೆಲ್ಲ ಇದೇ ಮಾತು. ಯುದ್ಧ ಕೈತಪ್ಪುತ್ತ ಬಂದಂತೆ ಅದರ ಬಳಕೆ ಹೆಚ್ಚಿತು. 1944ರ ಕೊನೆಗೆ ಗೊಬೆಲ್ಸನು ಅದಕ್ಕೆ ‘ಕಾಡು’ ಎಂಬ ವಿಶೇಷಣವನ್ನೂ ಹಚ್ಚಿದನು. ಪಳಗಿದ ಮತಾಂಧತೆಯೆಂಬುದೂ ಒಂದುಂಟೆ! ವೋಲ್ಟೇರನನ್ನು ಬಾಳೆಲ್ಲ ಓದಿದವನ ಕಿವಿಗೆ ಈ ಅಪಸ್ವರ ಕೇಳಿಸದಿರುವುದು ಸಾಧ್ಯವಿರಲಿಲ್ಲ.

ದಿನಚರಿ ಸಿಕ್ಕಿದ್ದರೆ ಮರಣವೇ ಗತಿ. ಏವಾ ಹಾಳೆಗಳನ್ನು ಪಿರ್ನಾ ಎಂಬ ಊರಿನ ವೈದ್ಯೆಯೊಬ್ಬಳ ಮನೆಗೆ ಕೊಂಡೊಯ್ದು ಬಚ್ಚಿಡಿಸುತ್ತಿದ್ದಳು. ಈ ಚರಿತ್ರೆಯಲ್ಲಿ ಧೈರ್ಯದ ಹೆಚ್ಚಿನ ಪಾಲು ಹೆಂಗಸರದೆಂದೇ ನಮಗೆ ತೋರುತ್ತದೆ. 1945ರ ಫೆಬ್ರವರಿ 13ರಂದು ಉಳಿದ ಯೆಹೂದ್ಯರಿಗೆ ಗಡೀಪಾರಿನ ಆಜ್ಞಾಪತ್ರಗಳನ್ನು ಹಂಚುವ ಕೆಲಸ ಕ್ಲೆಂಪರೆರನ ಪಾಲಿಗೆ ಬಂದಿದ್ದಿತು. ಆ ರಾತ್ರಿಯೇ ವಿಮಾನಗಳು ಬಾಂಬುಗಳನ್ನು ಸುರಿದು ನಗರವನ್ನು ಸುಟ್ಟವು. ಸಹಸ್ರಾರು ಜನರನ್ನು ಕೊಂದ ಆ ಬೆಂಕಿಯೇ ಇವನನ್ನು ಉಳಿಸಿತು. ಅಂಗಿಯ ಮೇಲಿನ ಹಳದಿ ನಕ್ಷತ್ರವನ್ನು ಕಿತ್ತುಹಾಕಿ, ದಂಪತಿಗಳು ಬವೇರಿಯಕ್ಕೆ ತಪ್ಪಿಸಿಕೊಂಡು ಹೋದರು.

ಆ ಟಿಪ್ಪಣಿಗಳಿಂದ ನಾಜಿಭಾಷೆಯನ್ನು ಕುರಿತ ಗ್ರಂಥ 1947ರಲ್ಲಿ ಹೊರಬಂದಿತು. ಪ್ರಾಧ್ಯಾಪಕಪದವಿ ಮತ್ತೆ ದೊರೆಯಿತು. ಆತ ಕಮ್ಯೂನಿಸ್ಟ್ ಪಕ್ಷವನ್ನು ಸೇರಿ ಪೂರ್ವ ಜರ್ಮನಿಯ ಜನಪ್ರತಿನಿಧಿ ಸಭೆಯಲ್ಲಿಯೂ ಕುಳಿತನು. ಹೊಸ ಪ್ರಭುತ್ವದ ಮಾತಿನಲ್ಲಿಯೂ ಹಳೆಯ ಜಾಡು ಕಂಡಾಗ ದಿನಚರಿಯಲ್ಲಿ ಬರೆದುಕೊಂಡನಲ್ಲದೆ ಬಹಿರಂಗವಾಗಿ ಹೇಳಲಿಲ್ಲ. ಈ ಮೌನವನ್ನು ನಾವು ಹೊಗಳಲಾರೆವು.

ದಿನಚರಿಗಳು ಅಚ್ಚಾದುದು 1995ರಲ್ಲಿ. ಇನ್ನು ಗ್ರಂಥಾಲಯದ ಬಾಗಿಲು ಮುಚ್ಚಿದ್ದರಿಂದ ನಿಂತುಹೋಗಿದ್ದ ಆ ಸಾಹಿತ್ಯಚರಿತ್ರೆ: ಅದರ ಮೊದಲನೆಯ ಸಂಪುಟ, ವೋಲ್ಟೇರನ ಶತಮಾನ, 1954ರಲ್ಲಿ ಪ್ರಕಟವಾಯಿತು. ರೂಸೋವಿಗೆ ಮೀಸಲಾದ ಎರಡನೆಯದು 1966ರಲ್ಲಿ ಬಂದಿತು. ಕ್ಲೆಂಪರೆರನು ತೀರಿಕೊಂಡು ಆಗ ಆರು ವರ್ಷವಾಗಿದ್ದಿತು.